ಹುಣಸಿಬಾವಿ ಹಾಲ್ಟಿನಲ್ಲಿ ಹತ್ತಿದವರು

ರಾತ್ರಿಯ ಪ್ಯಾಸೆಂಜರು ಹೋಯಿತು. ಹಿಂದಿನ ಡಬ್ಬಿಯ ಕೆಂಪು ದೀಪ ಸಣ್ಣದಾಯಿತು, ಇನ್ನೂ ಸಣ್ಣದಾಯಿತು... ಆರಿತು. ಹುಣಸಿಬಾವಿ ಹಾಲ್ಟಿನಲ್ಲಿ ಇಳಿದವಳು ಮಹಾನಂದಾ ಒಬ್ಬಳೇ. ನಮ್ಮ ಬಾಜು ಮನೆಯ ಮಲ್ಕಪ್ಪನ ಮಗಳು. ಕಲಬುರಗಿಯ ಒಂದು ದವಾಖಾನೆಯಲ್ಲಿ ನರ್ಸು. ಇದು ಅವಳಿಗೆ ಆದದ್ದು. ಅವಳು ಸುಳ್ಳು ಹೇಳುವವರ ಪೈಕಿ ಅಲ್ಲ. ಅದಕ್ಕೆ ಬೇಕಾದಷ್ಟು ಪುರುಸೊತ್ತೂ ಅವಳಿಗಿರಲಿಲ್ಲ.

ಹಾಲ್ಟಿನಿಂದ ಊರಿಗೆ ಕಾಲುಹಾದಿ. ಎಡಕ್ಕೆ ಬಾವಿ, ಬಾವಿಯ ಮೇಲೆ ಬಾಗಿದ ಹುಣಸೆ ಮರ. ಬಲಕ್ಕೆ ತೊಗರಿ ಹೊಲ. ಕೈಯಲ್ಲಿ ಮೊಬೈಲಿನ ಬೆಳಕು. ಇಲ್ಲಿ ಬೆಳಕು ಪಕ್ಕನೆ ಆರಿತು ಎಂದು ಕೆಲವರು ಸೇರಿಸಿ ಹೇಳುತ್ತಾರೆ. ಸೇರಿಸಬೇಕಿಲ್ಲ. ಬೆಳಕು ಚೆನ್ನಾಗಿಯೇ ಇತ್ತು. ಆ ಬೆಳಕಿನಲ್ಲಿ ಹಾದಿ ಪೂರಾ ಖಾಲಿ ಇತ್ತು.

ಆದರೂ ಎದುರಿನಿಂದ ಮಂದಿ ಬರುತ್ತಿದ್ದರು.

ಸಪ್ಪಳ ಮಾತ್ರ. ಬರಿಗಾಲು ಮಣ್ಣಿಗೆ ಬೀಳುವ ದಪ್... ದಪ್. ಒಬ್ಬರದಲ್ಲ, ಬಹಳ ಜನರದು. ಹೊಸ ಬಟ್ಟೆ ತೊಡೆಗೆ ತಿಕ್ಕುವ ಸರಕ್... ಸರಕ್. ಯಾರದೋ ಕೈಯ ಗಾಜಿನ ಬಳೆ. ಒಂದು ಮುದಿ ಕೆಮ್ಮು, ಕೆಮ್ಮಿದ ಮೇಲೆ ಗಂಟಲು ಕೆರೆದುಕೊಳ್ಳುವ ದನಿ. ಎಲ್ಲವೂ ಅವಳ ಎರಡೂ ಬದಿಯಿಂದ ಸರಿದು, ಅವಳನ್ನು ದಾಟಿ, ಹಾಲ್ಟಿನ ಕಡೆ ಹೋದವು. ಯಾರೂ ಅವಳಿಗೆ ತಾಗಲಿಲ್ಲ. ಆ ಮಟ್ಟಿಗೆ ಸಭ್ಯರು.

ಆಮೇಲೆ ಹಿಂದಿನಿಂದ, ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ... ಟಣ್.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಟಣ್.

ಆ ಸಪ್ಪಳ ಅವಳಿಗೆ ಗೊತ್ತಿತ್ತು. ಅಪ್ಪನ ಬಡಿಗೆಯದು. ಮಲ್ಕಪ್ಪ ಹಳಿಯ ಮೇಲೆ ಕೂಲಿ ಮಾಡಿದವನು. ಎಲ್ಲೋ ಬಿದ್ದಿದ್ದ ಒಂದು ಕಬ್ಬಿಣದ ನಟ್ಟು ತಂದು ಬಡಿಗೆಯ ತುದಿಗೆ ಬಡಿದು ಕೂಡಿಸಿದ್ದ. ಮಣ್ಣಿನಲ್ಲಿ ನಡೆದರೆ ಸಪ್ಪಳವಿಲ್ಲ. ಜಲ್ಲಿಯ ಮೇಲೆ ಕರಕ್. ಕಲ್ಲಿನ ಮೇಲೆ ಟಣ್. ಅವನು ಬರುವುದು ಓಣಿಯ ತುದಿಯಿಂದಲೇ ತಿಳಿಯುತ್ತಿತ್ತು. ಹೋದ ಬೇಸಿಗೆಯಲ್ಲಿ ಅವನು ಸತ್ತಾಗ ಬಡಿಗೆಯೂ ಅವನ ಜತೆ ಮಣ್ಣು ಸೇರಿತು. ಅವನ ಹೆಂಡತಿ ಅಂಬುಬಾಯಿಯೇ ಅದನ್ನು ಬಲಗೈ ಬದಿಗೆ ಇಡಿಸಿದ್ದಳು, ಹಾದಿ ದೂರ ಐತಿ ಎಂದು. ಬುದ್ಧ ವಿಹಾರಕ್ಕೆ ಹೋಗುವ ಮನೆ ಅದು. ಭೂತ ಪಿಶಾಚಿ ನಂಬುವುದಿಲ್ಲ ಎಂದು ಗೋಡೆಯ ಮೇಲಿನ ಬುದ್ಧನ ಎದುರು ಹೇಳಿದ ಮನೆ. ಬಡಿಗೆಯ ವಿಷಯ ಯಾರೂ ತೆಗೆದಿರಲಿಲ್ಲ.

ಮಹಾನಂದಾ ತಿರುಗಿ ನೋಡಲಿಲ್ಲ. ಮನೆಗೆ ಬಂದು ತಾಯಿಯನ್ನು ಎಬ್ಬಿಸಿ ಕೂಡ್ರಿಸಿದಳು. ಅಂಬುಬಾಯಿಗೆ ಕಾಲು ಹಿಡಿದು ಬಹಳ ದಿನವಾಗಿತ್ತು. ಹಗಲು ಓಣಿಯವರು ನೋಡುತ್ತಿದ್ದರು, ರಾತ್ರಿಗೆ ಮಗಳೇ ಆಗಬೇಕು. ರೊಟ್ಟಿ ಮುರಿಯುತ್ತಾ ತಾಯಿ ಸಣ್ಣ ದನಿಯಲ್ಲಿ ಕೇಳಿದಳು.

"ಹಾದ್ಯಾಗ ಯಾರ್ ಹೊಂಟಿದ್ರು ಬೇ?"

"ಯಾರೂ ಇಲ್ಲ ಯವ್ವಾ. ಉಣ್ಣು."

"ಮತ್ತ ನಿಮ್ಮಪ್ಪ ಕೆಮ್ಮಿದ್ದು?"

ಮಗಳು ನೀರಿನ ತಂಬಿಗೆ ಹತ್ತಿರ ಸರಿಸಿದಳು. ಕಂದೀಲು ಗಾಳಿಗೆ ಅಲುಗಾಡಿತು ಎಂದು ಬರೆಯಬಹುದಿತ್ತು. ಅದು ಎಲ್‌ಇಡಿ ಬಲ್ಬು. ಅಲುಗಾಡಲಿಲ್ಲ.

ಇದಕ್ಕೆ ಹಿಂದೆ ಏನಾಗಿತ್ತು ಎಂಬುದನ್ನು ಹೇಳಬೇಕು.

ಹುಣಸಿಬಾವಿ ಹಾಲ್ಟು ಆಳಂದಕ್ಕೂ ಅಫಜಲಪುರಕ್ಕೂ ನಡುವೆ, ಎರಡೂ ಕಡೆಯವರು ನಮ್ಮದಲ್ಲ ಎನ್ನುವ ಜಾಗದಲ್ಲಿದೆ. ಒಂದು ತಗಡಿನ ಮಾಡು, ಒಂದು ಸಿಮೆಂಟು ಕಟ್ಟೆ, ಟಿಕೆಟಿನ ಒಂದು ಕಿಂಡಿ, ಒಂದು ಬೋರ್ಡು. ಅಲ್ಲಿ ಗಾಡಿ ನಿಲ್ಲತೊಡಗಿದ್ದು ಮನುಷ್ಯರಿಗಾಗಿ ಅಲ್ಲ. ಕಲ್ಲಿದ್ದಲಿನ ಎಂಜಿನ್ ಇದ್ದ ಕಾಲಕ್ಕೆ ಅದಕ್ಕೆ ನೀರು ಬೇಕಿತ್ತು, ಬಾವಿಯಲ್ಲಿ ನೀರಿತ್ತು. ಎಂಜಿನ್ ನೀರು ಕುಡಿಯುವ ಹೊತ್ತಿನಲ್ಲಿ ಸುತ್ತಲಿನ ಮಂದಿ ಕದ್ದು ಹತ್ತುತ್ತಿದ್ದರು. ರಜಾಕಾರರ ಗಲಾಟೆಯಲ್ಲಿ ಸೊಲ್ಲಾಪುರದ ಕಡೆ ಓಡಿಹೋದವರೂ ಇಲ್ಲೇ ಹತ್ತಿದರಂತೆ. ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಮುಂದೆ ಡೀಸೆಲ್ ಎಂಜಿನ್ ಬಂತು. ಅದಕ್ಕೆ ನೀರು ಬೇಡ, ನಿಲ್ಲುವುದೂ ಬೇಡವಾಯಿತು. ಆಗ ಊರವರು ಹಳಿಯ ಮೇಲೆ ಕೂತರು, ಅರ್ಜಿ ಕೊಟ್ಟರು, ಮತ್ತೆ ಕೂತರು. ಕೊನೆಗೆ ಮಂಜೂರಾಯಿತು, ಪ್ಲಾಟ್‌ಫಾರ್ಮು ಮಾತ್ರ ನೀವೇ ಮಾಡಿಕೊಳ್ಳಿ ಎಂದರು. ಬುಟ್ಟಿಯಲ್ಲಿ ಮಣ್ಣು ಹೊತ್ತವರಲ್ಲಿ ಮಲ್ಕಪ್ಪನೂ ಇದ್ದ. ಮೀಸೆ ಬಂದಿರಲಿಲ್ಲ ಆಗ.

ಅದೇ ಪ್ಲಾಟ್‌ಫಾರ್ಮಿನ ಮೇಲೆ ಅವನು ಸತ್ತ. ಬೆಳಗಿನ ಜಾವ ಎದೆ ಹಿಡಿಯಿತು. ಊರಿಗೆ ಬಸ್ಸಿಲ್ಲ. ಮಗಳು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಕಲಬುರಗಿಯ ಗಾಡಿಗೆ ಕಾದಳು. ಅವನು ದವಾಖಾನಿ ಎಷ್ಟ ದೂರ ಬೇ ಎಂದು ಕೇಳುತ್ತಲೇ ಇದ್ದ. ಅವಳು ಇನ್ನೇನು ಬಂತು ಅಪ್ಪಾ ಎನ್ನುತ್ತಲೇ ಇದ್ದಳು. ಮುಂದೆಲ್ಲೋ ಹಳಿ ಕೆಲಸ ನಡೆದಿತ್ತು. ಗಾಡಿ ಬಂದಾಗ ಅವನಿಗೆ ಅದರ ಅಗತ್ಯವಿರಲಿಲ್ಲ.

ಆದರೆ ಅವಳಿಗೆ ಇತ್ತು. ಬೆಳಗಿನ ಗಾಡಿಗೆ ಹೋಗಿ ರಾತ್ರಿಯ ಗಾಡಿಗೆ ಬಂದರೆ ನೌಕರಿಯೂ ನಡೆಯುತ್ತದೆ, ತಾಯಿಯ ಆರೈಕೆಯೂ ನಡೆಯುತ್ತದೆ. ಆ ಮನೆಯ ಒಲೆ ಉರಿಯುತ್ತಿದ್ದುದೇ ಆ ಗಾಡಿ ಅಲ್ಲಿ ಅರೆ ಗಳಿಗೆ ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ.

ಹೀಗಿರುವಾಗ ಮೇಲಿನಿಂದ ಸುದ್ದಿ ಬಂತು. ಮಂದಿ ಇಲ್ಲದ ಹಾಲ್ಟುಗಳನ್ನು ತೆಗೆಯುತ್ತಾರಂತೆ. ಕಿಂಡಿಯಲ್ಲಿ ಟಿಕೆಟು ಮಾರುವ ಶರಫುದ್ದೀನ ಎಲ್ಲರನ್ನೂ ಬಾವಿಕಟ್ಟೆಗೆ ಕರೆದು, ತಿಂಗಳ ಪಾಸು ಹೆಚ್ಚಾದರೆ ಹಾಲ್ಟು ಉಳಿದೀತು ಎಂದ. ಊರಿನಲ್ಲಿ ಪಾಸು ತೆಗೆಯಬಲ್ಲ ಜೀವಂತ ಮಂದಿ ಕಡಿಮೆ. ಉಳಿದವರು ಟಿಕೆಟಿಲ್ಲದೆ ಹೋಗುವುದನ್ನೇ ತಮ್ಮ ಹಕ್ಕು ಎಂದು ತಿಳಿದವರು. ಕರಜಗಿಯಿಂದ ಬಂದು ಹಾಲ್ಟಿನ ಬಳಿ ಚಹಾ ಅಂಗಡಿ ಇಟ್ಟಿದ್ದ ಅಬ್ದುಲ್ ಗನಿ ನಗೆಚಾಟಿಕೆಗೆ ಹೇಳಿದ.

"ಸತ್ತವ್ರ ಹೆಸರಲೆ ತಗಸ್ರಿ. ಟಿಸಿ ಬಂದ್ರ ಸಂಡಾಸದಾಗ ಅಡಗೋ ತ್ರಾಸ ಇಲ್ಲ ಅವ್ರಿಗೆ."

ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಆಮೇಲೆ ಒಬ್ಬ ಎದ್ದು ಮನೆಗೆ ಹೋಗಿ ತನ್ನ ಸತ್ತ ಅಣ್ಣನ ಆಧಾರ ಕಾರ್ಡು ತಂದ.

ನಮ್ಮ ಕಡೆ ಹೆಣ ಮಣ್ಣು ಮಾಡುತ್ತಾರೆ, ಆಧಾರ ಕಾರ್ಡು ಟ್ರಂಕಿನಲ್ಲಿಡುತ್ತಾರೆ. ಎಂದಾದರೂ ಯಾವುದಾದರೂ ಸ್ಕೀಮಿಗೆ ಬೇಕಾದೀತು ಎಂಬ ದೂರದೃಷ್ಟಿ. ಮನೆಮನೆಯಿಂದ ಕಾರ್ಡು ಬಂದವು. ಮೊಬೈಲಿನಲ್ಲಿ ಪಾಸು ತೆಗೆಯಲು ಬರುತ್ತಿದ್ದವಳು ಮಹಾನಂದಾ ಒಬ್ಬಳೇ. ಅವಳೇ ಒಂದೊಂದು ಹೆಸರನ್ನೂ ಒತ್ತಿದಳು. ಹುಣಸಿಬಾವಿಯಿಂದ ಕಲಬುರಗಿಗೆ. ಮುಂದೆ. ಮುಂದೆ. ಖಾತ್ರಿ. ಖರ್ಚು ಊರವರು ಹಂಚಿಕೊಂಡರು. ಎಲ್ಲರದು ಮುಗಿದ ಮೇಲೆ ಅವಳು ಅಪ್ಪನ ಕಾರ್ಡು ತೆಗೆದಳು. ಗಾಡಿಗೆ ಕಾದು ಸತ್ತವನು, ಪಾಸಾದರೂ ಇರಲಿ ಎಂದುಕೊಂಡಳೋ ಏನೋ. ಹೇಳಿಲ್ಲ.

ಆ ತಿಂಗಳಿಂದಲೇ ಹಾದಿಯ ಮೇಲಿನ ಸಪ್ಪಳ ಸುರುವಾಯಿತು. ರಾತ್ರಿಯ ಗಾಡಿ ಬಿಟ್ಟ ಹೊತ್ತಿಗೆ ಹೊರಟು ಬೆಳಗಿನ ಗಾಡಿಗೆ ಕಾಯುವ ಮಂದಿ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮೂರವರು ಬದುಕಿದ್ದಾಗಲೂ ಗಾಡಿಗೆ ಅರ್ಧ ರಾತ್ರಿ ಮೊದಲೇ ಹೋಗಿ ಕೂಡುವವರು.

ಮಹಾನಂದಾ ಶರಫುದ್ದೀನನಿಗೆ ಹೇಳಿದಳು. ಪಾಸು ಬಂದ್ ಮಾಡೋಣ ಚಾಚಾ, ಇದು ಸರಿ ಕಾಣವಲ್ದು ಎಂದಳು. ಅವನು ಕಿಂಡಿಯ ಸರಳು ಹಿಡಿದುಕೊಂಡ. ತನಗೂ ಕೇಳುತ್ತದೆ ಎಂದ. ತಮ್ಮ ಓಣಿಯಲ್ಲಿ ತೀರಿಹೋದ ಪ್ಯಾರಿಬಿಯ ಬಳೆ ಅವು, ತನಗೆ ಗುರುತಿದೆ ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

"ಪಾಸ್ ಬಂದ್ ಮಾಡಿದ್ರ ಹಾಲ್ಟ್ ಹೋಗ್ತದ ಬೇಟಿ. ಹಾಲ್ಟ್ ಹೋದ್ರ ನೀ ಏನ್ ಮಾಡ್ತಿ?"

ಅವಳು ಮುಂದಿನ ತಿಂಗಳಿಗೂ ಪಾಸು ತೆಗೆದಳು.

ಪಾಸು ಹೆಚ್ಚಾದದ್ದೇ ತಪ್ಪಾಯಿತು. ಇಷ್ಟು ಸಣ್ಣ ಊರಿಗೆ ಇಷ್ಟು ಪಾಸು ಹೇಗೆ ಎಂದು ಮೇಲಿನವರಿಗೆ ಸಂಶಯ ಬಂತು. ಎಣಿಸಲು ಇಬ್ಬರನ್ನು ಕಳಿಸಿದರು. ಹತ್ತುವವರೆಷ್ಟು, ಇಳಿಯುವವರೆಷ್ಟು. ಒಬ್ಬ ಬಂದ ದಿನವೇ ಜ್ವರ ಎಂದು ಕಲಬುರಗಿಗೆ ಮರಳಿದ. ಉಳಿದವನು ಸುಶಾಂತ ಎಂಬ ಪಡ್ಡೆ ಹುಡುಗ, ಡಿಗ್ರಿ ಮುಗಿಸಿ ದಿನಗೂಲಿಗೆ ಸೇರಿದವನು. ಅಂಗೈಯಲ್ಲಿ ಎಣಿಕೆಯ ಸಣ್ಣ ಯಂತ್ರ. ಒತ್ತಿದರೆ ಕಟ್ ಎನ್ನುತ್ತಿತ್ತು. ತಗಡಿನ ಮಾಡಿನ ಕೆಳಗೆ ಹಾಸಿಗೆ ಹಾಸಿಕೊಂಡ.

ಊರವರು ಭಂಡ ಧೈರ್ಯ ಮಾಡಿ ಮೊದಲ ಬೆಳಗ್ಗೆ ಎಲ್ಲರೂ ಹೋಗಿ ನಿಂತರು. ಎರಡನೆಯ ದಿನ ತೊಗರಿ ರಾಶಿ ಇತ್ತು. ಯಾರೂ ಹೋಗಲಿಲ್ಲ. ಕಥೆ ಮುಗಿಯಿತು ಎಂದುಕೊಂಡು ಮಹಾನಂದಾ ಕತ್ತಲಲ್ಲೇ ಹಾಲ್ಟಿಗೆ ಬಂದಳು. ಪ್ಲಾಟ್‌ಫಾರ್ಮು ಖಾಲಿ. ಗಾಡಿ ಬಂತು. ಅವಳು ಹಿಡಿಕೆ ಹಿಡಿದು ಹತ್ತಿದಳು. ಹಿಂದೆ ಸಪ್ಪಳ ಕೇಳಿತು. ಕಟ್. ಅದು ಅವಳದು. ಆದರೆ ನಿಲ್ಲಲಿಲ್ಲ.

ಕಟ್... ಕಟ್... ಕಟ್... ಕಟ್...

ಗಾರ್ಡು ಹಸಿರು ದೀಪ ತೋರಿಸದೆ ಕಾಯುತ್ತಿದ್ದ. ಮುದುಕರನ್ನು ಹತ್ತಿಸಿಕೊಳ್ಳುವ ಗಾರ್ಡು ಕಾಯುವಂತೆ.

ವಾರದ ಕೊನೆಯ ಬೆಳಗ್ಗೆ ಸುಶಾಂತ ಅವಳ ಹತ್ತಿರ ಬಂದ. ಕಣ್ಣು ಕೆಂಪಗಿದ್ದವು. ದನಿ ತಗ್ಗಿಸಿ ಕೇಳಿದ.

"ಸಿಸ್ಟರ್, ನಿಮ್ಮೂರಾಗ ಲಗ್ನ ಐತೇನ್ರಿ?"

"ಇಲ್ಲ. ಯಾಕ?"

"ದಿನಾ ಎಲ್ಲಾರೂ ಹೊಸಾ ಅರಿವಿ ಉಟ್ಕೊಂಡ್ ಬರ್ತಾರ. ಮಡಚಿದ ಗೆರಿ ಸೈತ ಹೋಗಿಲ್ಲ. ಆದ್ರ ಒಬ್ರ ಕಾಲಾಗೂ ಚಪ್ಪಲಿ ಇಲ್ಲ."

ಮಹಾನಂದಾ ತನ್ನ ಚಪ್ಪಲಿ ನೋಡಿಕೊಂಡಳು. ಹೆಣಕ್ಕೆ ಹೊಸ ಬಟ್ಟೆ ಉಡಿಸುತ್ತಾರೆ. ಚಪ್ಪಲಿ ತೊಡಿಸುವುದಿಲ್ಲ. ಊರವರಿಗೆ ಸಪ್ಪಳವಷ್ಟೇ ಕೇಳುತ್ತಿತ್ತು, ಈ ಹುಡುಗನಿಗೆ ಮಂದಿ ಕಾಣುತ್ತಿದ್ದರು. ಯಾರು ಯಾರು ಸತ್ತಿದ್ದಾರೆ ಎಂಬುದು ಪರ ಊರಿನವನಿಗೆ ಹೇಗೆ ಗೊತ್ತಿರಬೇಕು?

"ಇನ್ನೊಂದ್ರಿ..." ಸುಶಾಂತ ಯಂತ್ರ ನೋಡಿಕೊಂಡ. "ಹತ್ತವ್ರು ಭಾಳ ಮಂದಿ ಅದಾರ. ರಾತ್ರಿ ಗಾಡಿಗೆ ಇಳಿಯವ್ರು ನೀವೊಬ್ರ. ಇವ್ರು ತಿರುಗಿ ಯಾವಾಗ ಬರ್ತಾರ್ರಿ?"

ಅಷ್ಟರಲ್ಲಿ ಗಾಡಿ ಬಂತು.

ಅವಳು ಕಿಟಕಿಯ ಪಕ್ಕ ಕೂತಳು. ಡಬ್ಬಿ ಖಾಲಿ ಇತ್ತು. ಮುಂದಿನ ಸ್ಟೇಷನ್ನಿನಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಸಂಸಾರ ಹತ್ತಿತು. ಗಂಡ ಡಬ್ಬಿಯ ಉದ್ದಕ್ಕೂ ಕಣ್ಣಾಡಿಸಿ, ಇಲ್ಲೂ ಜಾಗ ಇಲ್ಲ ಬಾ ಎಂದು ಹೆಂಡತಿಯನ್ನು ಕರೆದುಕೊಂಡು ಬೇರೆ ಡಬ್ಬಿಗೆ ಹೋದ.

ಗಾಡಿ ಮತ್ತೆ ಹೊರಟ ಮೇಲೆ ಅವಳ ಮಗ್ಗುಲಿನ ಹಲಗೆ ಕಿರ್ ಎಂದಿತು. ಭಾರ ಬಿದ್ದಾಗ ಆಗುವಂತೆ. ಕಾಲ ಬಳಿ ಕಬ್ಬಿಣ ತಗಡಿಗೆ ತಾಗಿತು. ಟಣ್. ಹಸಿ ಎರೆಮಣ್ಣಿನ ವಾಸನೆ. ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

"ದವಾಖಾನಿ ಬಂತೇನ ಬೇ?"

ದನಿ ಅಪ್ಪನದೇ. ಕಟ್ಟೆಯ ಮೇಲೆ ಕೂತು ಕೇಳಿದಾಗ ಇದ್ದಂಥದೇ, ಅರ್ಧ ಉಸಿರಿನದು.

"ಇನ್ನೇನು ಬಂತು ಅಪ್ಪಾ," ಎಂದಳು ಅವಳು. ಬೇರೆ ಉತ್ತರ ಅವಳಿಗೆ ಆಗಲೂ ಬಂದಿರಲಿಲ್ಲ.

ಕಲಬುರಗಿಯ ಮಿಲ್ಲಿನ ಚಿಮಣಿ ಕಂಡಿತು. ಈಗ ಕೇಳದಿದ್ದರೆ ಇಲ್ಲ ಎಂದು ಅವಳು ತುಟಿ ಅಲುಗಿಸದಂತೆ ಕೇಳಿದಳು. ಅಳಲಿಲ್ಲ. ದೆವ್ವದ ಹತ್ತಿರ ಅವಳು ಕೇಳಿದ್ದು ವರವಲ್ಲ, ಹಾಜರಿ.

"ಅಪ್ಪಾ, ಇವತ್ತ ರಾತ್ರಿ ಗಾಡಿಗೆ ಬಂದು ಇಳಿರಿ. ಎಲ್ಲಾರಿಗೂ ಹೇಳ್ರಿ. ಇಳಿಯವ್ರು ಇಲ್ಲಂದ್ರ ಹಾಲ್ಟ್ ತಗೀತಾರ. ನನ್ನ ನೌಕರಿ ಹೋಗ್ತದ."

ಗಂಟಲು ಕೆರೆದುಕೊಂಡ ಸಪ್ಪಳ.

"ಇಳದು ಅಲ್ಲಿ ಏನ್ ಮಾಡೂದೈತಿ ಬೇ?"

ಗಾಡಿ ನಿಂತಿತು. ಹಲಗೆ ಮತ್ತೆ ಕಿರ್ ಎಂದಿತು. ಬಾಗಿಲ ಹತ್ತಿರ ಅವನ ದನಿ, "ಹೋಗ್ತೇನಿ ಬೇ." ಮನೆಯಿಂದ ಹೊಲಕ್ಕೆ ಹೋಗುವಾಗಲೂ ಮಲ್ಕಪ್ಪ ಹೋಗಿ ಬರ್ತೇನಿ ಎನ್ನುವವನು. ಅವಳು ಉಳಿದ ಅರ್ಧಕ್ಕೆ ಕಾದಳು. ಬರಲಿಲ್ಲ. ನೂರಾರು ಮಂದಿಯ ಚಪ್ಪಲಿ ಸಪ್ಪಳದ ನಡುವೆ, ಮೇಲ್ಸೇತುವೆಯ ಮೆಟ್ಟಿಲ ಮೇಲೆ, ಆ ಟಣ್ ಒಂದೊಂದೇ ಮೆಟ್ಟಿಲು ಹತ್ತಿ ಹೋಯಿತು.

ಆ ರಾತ್ರಿ ಹುಣಸಿಬಾವಿಯಲ್ಲಿ ಇಳಿದವಳು ಅವಳೊಬ್ಬಳೇ. ಸುಶಾಂತ ಕತ್ತಲಲ್ಲಿ ನಿಂತಿದ್ದ. ಗಾಡಿ ಹೋಗುವವರೆಗೂ ಕಾದು, ಒಮ್ಮೆ ಒತ್ತಿದ.

ಕಟ್.

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಶರಫುದ್ದೀನ ಬಾವಿಕಟ್ಟೆಯ ಮೇಲೆ ನಿಂತು ಓದಿ ಹೇಳಿದ. ಇಲ್ಲಿ ಹತ್ತುವವರು ಹೆಚ್ಚು, ಇಳಿಯುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜನ ಊರು ಬಿಟ್ಟು ಹೋಗುತ್ತಿದ್ದಾರೆ. ಸದ್ಯದಲ್ಲೇ ಹತ್ತುವವರೂ ಉಳಿಯುವುದಿಲ್ಲ. ಆದ್ದರಿಂದ ನಿಲುಗಡೆ ರದ್ದು. ನಿಮ್ಮ ಎಣಿಕೆ ತಪ್ಪು ಎನ್ನುವಂತಿರಲಿಲ್ಲ. ಸರಿ ಎಂದು ಒಪ್ಪಿಕೊಳ್ಳುವಂತೆಯೂ ಇರಲಿಲ್ಲ. ಅಬ್ದುಲ್ ಗನಿ ಒಲೆ, ಕೆಟಲಿ ಕಟ್ಟಿಕೊಂಡು ಕರಜಗಿಗೆ ವಾಪಸಾದ. ನಗೆಚಾಟಿಕೆ ಏನೂ ಮಾಡಲಿಲ್ಲ.

ಈಗ ಬೆಳಗಿನ ಗಾಡಿ ದೂರದಿಂದಲೇ ಭೋಂ ಎಂದು ಕೂಗಿಕೊಂಡು ಬಂದು, ಹುಣಸೆ ಮರದ ಎಲೆ ಅಲುಗಿಸಿ, ಹೋಗಿಬಿಡುತ್ತದೆ. ಮಹಾನಂದಾ ಕೆಲವು ದಿನ ಹಾಲಿನ ಟೆಂಪೋದಲ್ಲಿ ಹೋದಳು. ಅದು ಹಾಲಿನ ಹೊತ್ತಿಗೆ ಹೋಗುತ್ತದೆ, ದವಾಖಾನೆಯ ಹೊತ್ತಿಗಲ್ಲ. ರಾತ್ರಿ ಬರುವುದೇ ಇಲ್ಲ. ಒಂದು ರಾತ್ರಿ ಅವಳು ಕಲಬುರಗಿಯಲ್ಲೇ ಉಳಿಯಬೇಕಾಯಿತು. ಅಂಬುಬಾಯಿ ಬೆಳಗಿನವರೆಗೂ ಹಾಸಿಗೆಯಿಂದ ಕೆಳಗೆ ಬಿದ್ದಲ್ಲೇ ಬಿದ್ದಿದ್ದಳು. ಮಹಾನಂದಾ ಮರುದಿನವೇ ಹೋಗಿ ನೌಕರಿ ಬಿಟ್ಟು ಬಂದಳು. ಈಗ ಊರಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ. ಇಂಜೆಕ್ಷನ್ ಕೊಡಿಸಿಕೊಳ್ಳುವವರು ಬಂದರೆ ಕೊಡುತ್ತಾಳೆ. ಪಾಸುಗಳ ಅವಧಿ ಮುಗಿಯಿತು. ಯಾರೂ ಮತ್ತೆ ತೆಗೆಸಲಿಲ್ಲ. ಹಾದಿಯ ಮೇಲೆ ಈಗ ಸಪ್ಪಳವಿಲ್ಲ. ಅಮಾವಾಸ್ಯೆಯ ರಾತ್ರಿಯೂ ಇಲ್ಲ. ಹೋಗುವವರೆಲ್ಲ ಹೋಗಿ ಆಗಿದೆ.

ನೌಕರಿ ಬಿಟ್ಟ ದಿನದ್ದು ಒಂದು ಮಾತು ಉಳಿಯಿತು.

ಅವಳು ದವಾಖಾನೆಯಿಂದ ಹೊರಗೆ ಬರುವಾಗ ಗೇಟಿನ ಬಾಗಿಲ ಹಿಂದೆ ಒಂದು ಬಡಿಗೆ ಒರಗಿತ್ತು. ತುದಿಗೆ ಕಬ್ಬಿಣದ ನಟ್ಟು. ನಟ್ಟಿನ ತೂತಿನಲ್ಲಿ ಎರೆಮಣ್ಣು, ಇನ್ನೂ ಹಸಿ. ಅವಳು ಅದನ್ನು ಮುಟ್ಟಲಿಲ್ಲ. ವಾಚ್‌ಮನ್‌ನನ್ನು ಕೇಳಿದಳು, ಇದು ಯಾರದು ಎಂದು.

"ಯಾರೋ ಮುದುಕಂದ್ರಿ ಸಿಸ್ಟರ್. ಹೊಸಾ ಧೋತರ ಉಟ್ಕೊಂಡಿದ್ದ, ಕಾಲಾಗ ಏನೂ ಇದ್ದಿಲ್ಲ. ಎದಿ ಡಾಕ್ಟ್ರು ಎಲ್ಲಿ ಕೂಡ್ತಾರಂತ ಕೇಳಿ ಒಳಗ ಹೋದ."

"ಯಾವಾಗ ಹೊರಗ ಬಂದ?"

ವಾಚ್‌ಮನ್ ಒಳಗಿನ ಬಾಗಿಲ ಕಡೆ ನೋಡಿದ.

"ಬಂದಿಲ್ಲಲ್ರಿ."

ಇಷ್ಟೇ ಆದದ್ದು. ನಂಬುವುದು ಬಿಡುವುದು ಕೇಳುವವರ ಮರ್ಜಿ. ದೆವ್ವ ಇದೆ ಎಂದು ಇಲ್ಲಿ ಯಾರೂ ವಾದ ಮಾಡುತ್ತಿಲ್ಲ. ಬಡಿಗೆ ಮಾತ್ರ ಇದೆ. ಹೋದ ವಾರವೂ ಇತ್ತು. ಅದೇ ಗೇಟಿನ ಹಿಂದೆ ನಿಂತಿದೆ. ಹಗಲು ವಾಚ್‌ಮನ್ ಅದರಿಂದ ನಾಯಿ ಓಡಿಸುತ್ತಾನೆ.